ಸಾಲದ ಮಿತಿಗೆ ಓಟು, ಆಮೇಲೆ ಪಾಯಸ

ಹೋಟೆಲ್ ಲೈನಿಗೆ ಹೊಸದಾಗಿ ಸೇರುವವರು ನನ್ನಲ್ಲಿ ಕೇಳುವುದು ಸಂಬಳ, ಟಿಪ್ಸು, ಪ್ರಮೋಷನ್ನು. ಅದನ್ನು ಹೇಳಲು ಬೇರೆ ಜನ ಇದ್ದಾರೆ, ಅವರಲ್ಲಿ ಕೇಳಿಕೊಳ್ಳಿ. ನನಗೆ ಗೊತ್ತಿರುವುದು ಬ್ಯಾಂಕ್ವೆಟ್ ಒಂದೇ. ದೊಡ್ಡ ಹಾಲು, ನೂರಾರು ಜನ, ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವು. ದೋಹಾದ ಒಂದು ಹೋಟೆಲಿನಲ್ಲಿ ನಾನು ಬ್ಯಾಂಕ್ವೆಟ್ ಸೂಪರ್‌ವೈಸರ್ ಆಗಿದ್ದೆ. ಮದುವೆ, ಕಂಪನಿ ಪಾರ್ಟಿ, ಇಫ್ತಾರ್, ಸಂಘಗಳ ಮಹಾಸಭೆ, ಎಲ್ಲದಕ್ಕೂ ಊಟ ಹಾಕಿಸಿದ್ದೇನೆ. ಬಡಿಸುವವನೆಂದರೆ ಟೈ ಕಟ್ಟಿದ ಒಂದು ಮೇಜು ಎಂದು ತಿಳಿದವರು ಬೇಕಾದಷ್ಟು ಇದ್ದಾರೆ. ತಿಳಿದುಕೊಳ್ಳಲಿ. ಸಭೆ ಎಷ್ಟು ಹೊತ್ತು ನಡೆಯಬೇಕು, ಯಾರು ಎಲ್ಲಿಯವರೆಗೆ ಕೂತಿರುತ್ತಾರೆ ಎನ್ನುವುದನ್ನು ಅಡುಗೆಮನೆ ತೀರ್ಮಾನಿಸುತ್ತದೆ, ವೇದಿಕೆ ಅಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೇನೆ.

ಇದನ್ನು ನನಗೆ ಕಲಿಸಿದವರು ಗೋವಾದ ಲೋಬೊ ಸರ್. ನಾನು ಸೇರಿದಾಗ ಅವರು ವೇಟರುಗಳ ಕ್ಯಾಪ್ಟನ್ ಆಗಿದ್ದರು. ಸಣ್ಣ ಆಳು, ಪಾಲಿಶ್ ಮಾಡಿದ ಬೂಟು, ಬಾಯಿ ಮಾತ್ರ ಮೆಣಸಿನಪುಡಿ. ಒಂದು ರಂಜಾನಿನಲ್ಲಿ ದೊಡ್ಡ ಕಂಪನಿಯೊಂದರ ಇಫ್ತಾರ್ ನಮ್ಮ ಹಾಲಿನಲ್ಲಿತ್ತು. ಕಂಪನಿಯ ಬಿಳಿ ಸಾಹೇಬರು ಮೈಕ್ ಹಿಡಿದು ವರ್ಷದ ಸಾಧನೆ ಹೇಳುತ್ತಲೇ ಇದ್ದರು. ಉಪವಾಸ ಇದ್ದವರೆಲ್ಲ ಕಿಟಕಿಯ ಕಡೆ ನೋಡುತ್ತಿದ್ದರು. ಬ್ಯಾಂಕ್ವೆಟ್ ಮ್ಯಾನೇಜರ್ ಬೆವರುತ್ತ, ಭಾಷಣ ಮುಗಿಯದೆ ಯಾರೂ ಒಳಗೆ ಹೋಗಬೇಡಿ ಎಂದರು. ಲೋಬೊ ಸರ್ ಅವರ ಮಾತು ಕೇಳಿಸದವರಂತೆ ನಿಂತಿದ್ದರು. ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಕೇಳಿದ್ದೇ ತಡ, ಖರ್ಜೂರದ ತಟ್ಟೆ, ಮಜ್ಜಿಗೆ ಗ್ಲಾಸು ಹಿಡಿಸಿ ನಮ್ಮನ್ನು ನಾಲ್ಕೂ ಬಾಗಿಲಿನಿಂದ ಒಳಗೆ ಬಿಟ್ಟರು. ಸಾಹೇಬರ ಭಾಷಣ ಅರ್ಧಕ್ಕೇ ನಿಂತಿತು. ಅವರ ಕೈಗೂ ಒಂದು ಖರ್ಜೂರ ಕೊಟ್ಟು ಬಂದವರು ಲೋಬೊ ಸರ್. ಆಮೇಲೆ ಆ ಸಾಹೇಬರೇ ಬಂದು ಅವರ ಕೈ ಕುಲುಕಿದರು. "ವಾಸು, ಕಣ್ಣು ಪ್ಲೇಟಿನ ಮೇಲೆ ಇಡಬೇಡ, ಬಾಗಿಲಿನ ಮೇಲೆ ಇಡು. ಜನ ಯಾವಾಗ ಬರ್ತಾರೆ, ಯಾವಾಗ ಎದ್ದು ಹೋಗ್ತಾರೆ, ಅಷ್ಟು ಗೊತ್ತಾದ್ರೆ ನಿನಗೆ ಈ ಕೆಲಸ ಬಂತು" ಎಂದು ಲೋಬೊ ಸರ್ ಹಿಂದಿಯಲ್ಲಿ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ.

ಇಂಡಿಯನ್ ಅಡುಗೆಗೆ ನಮ್ಮಲ್ಲಿ ಉಳ್ಳಾಲದ ಹಮೀದಾಕ ಇದ್ದರು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಅದಕ್ಕೇ ಎಲ್ಲರಿಗೂ ಕಾಕ. ಅವರ ಕೈಯ ಕೋಳಿ ಸುಕ್ಕ ತಿಂದು ಲೆಬನಾನಿನವರು ಮೂಗು ಒರೆಸಿಕೊಂಡು ಇನ್ನೊಮ್ಮೆ ಕೇಳುತ್ತಿದ್ದರು. ಒಮ್ಮೆ ನಮ್ಮ ಊರಿನವರೊಬ್ಬರ ಮಗುವಿನ ಹುಟ್ಟುಹಬ್ಬಕ್ಕೆ ಅರ್ಧ ಜನ ಸಸ್ಯಾಹಾರಿಗಳು. ಹೊಸ ಫಿಲಿಪಿನೋ ವೇಟರ್ ಮೀನುಗಸಿಯ ಸೌಟನ್ನು ಎತ್ತಿ ದಾಲಿಗೆ ಹಾಕಿಬಿಟ್ಟ. ಅವನ ಊರಿನಲ್ಲಿ ಅದೇನೂ ದೊಡ್ಡ ವಿಷಯವೇ ಅಲ್ಲ, ಪಾಪ. ಆದರೆ ಒಬ್ಬರು ಅಜ್ಜಿ ಅದನ್ನು ಕಂಡರು. ಕಂಡ ಮೇಲೆ ಕೇಳಬೇಕೇ! ಹಮೀದಾಕ ಇಡೀ ದಾಲನ್ನು ತೆಗೆಸಿ, ಹೊಸದಾಗಿ ಒಗ್ಗರಣೆ ಹಾಕಿ, ಅಜ್ಜಿಯ ಎದುರಿಗೇ ಹೊಸ ಪಾತ್ರೆಯಲ್ಲಿ ತಂದಿಟ್ಟರು. ಮರುದಿನ ನಜ್ಮಾ ಬಡಾವಣೆಯ ಟೈಲರ್ ಅಂಗಡಿಯಿಂದ ಹಸಿರು ರಿಬ್ಬನ್ ತಂದು, ಸಸ್ಯಾಹಾರದ ಸೌಟುಗಳ ಹಿಡಿಗೆಲ್ಲ ಸುತ್ತಿದೆವು. ಮುಂದೆ ಯಾವ ದೇಶದ ವೇಟರ್ ಬಂದರೂ ಅವನಿಗೆ ಮೊದಲ ಪಾಠ ಹಸಿರು ರಿಬ್ಬನ್ನಿನದೇ ಆಯಿತು.

ಪದ್ಧತಿ ಬದಲಾಗುತ್ತಲೇ ಇತ್ತು. ಮೇಜಿನ ಬಟ್ಟೆಗೆ ಗುಂಡುಸೂಜಿ ಚುಚ್ಚಿ ಚುಚ್ಚಿ ಬೆರಳು ತೂತಾಗುತ್ತಿದ್ದ ಕಾಲ ಹೋಗಿ, ಅಂಟಿಸುವ ಪಟ್ಟಿ ಬಂತು. ಊಟ ಬಿಸಿಯಾಗಿಡಲು ಉರಿಸುತ್ತಿದ್ದ ಡಬ್ಬಿಗಳ ಜಾಗಕ್ಕೆ ಕರೆಂಟಿನ ಪಾತ್ರೆ ಬಂತು. ಲೋಬೊ ಸರ್ ಊರಿಗೆ ಹೋದ ಮೇಲೆ ನಬೀಲ್ ಎಂಬ ಲೆಬನಾನಿನ ಮ್ಯಾನೇಜರ್ ಬಂದರು. ಅವರದು ಎಲ್ಲವೂ ಕಂಪ್ಯೂಟರ್. ಯಾವ ಸಭೆಗೆ ಎಷ್ಟು ಹೊತ್ತಿಗೆ ಏನು ಎನ್ನುವುದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ಅವರ ನಿಯಮ ಒಂದೇ: ಬಿಲ್ಲಿಗೆ ಸಹಿ ಹಾಕುವ ಗಿರಾಕಿ ಹೇಳಿದಂತೆ ಆಗಬೇಕು. "ಕಸ್ಟಮರ್ ಹೇಳಿದ ಮೇಲೆ ಖಲಾಸ್, ವಾಸು" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಈ ನಿಯಮ ಮತ್ತು ಲೋಬೊ ಸರ್ ಪಾಠ, ಎರಡನ್ನೂ ಒಟ್ಟಿಗೆ ಪಾಲಿಸಬೇಕಾಗಿ ಬಂದ ಒಂದು ಸಂಜೆಯ ಬಗ್ಗೆ ಈಗ ಹೇಳುತ್ತೇನೆ. ಎರಡು ಸಾವಿರದ ಐದರ ಆಸುಪಾಸು. ದೋಹಾದಲ್ಲಿ ಎತ್ತ ನೋಡಿದರೂ ಕ್ರೇನುಗಳು.

ನಮ್ಮ ಕರಾವಳಿಯವರ ಒಂದು ಸಂಘ ಇತ್ತು. ನಾನೂ ಅದರ ಸದಸ್ಯ. ಅಧ್ಯಕ್ಷರು ದಾಮೋದರ ಶೆಟ್ರು, ಕಟ್ಟಡ ಕಂಟ್ರಾಕ್ಟಿನ ಕಂಪನಿ ನಡೆಸುವವರು. ದೊಡ್ಡ ಕೈ, ದೊಡ್ಡ ದನಿ, ಕೋಪವೂ ದೊಡ್ಡದೇ. ಯಾರಾದರೂ ತೀರಿಕೊಂಡರೆ ದೇಹವನ್ನು ಊರಿಗೆ ಕಳಿಸಲು ಮೊದಲು ಓಡುವವರು ಅವರೇ. ಖಜಾಂಚಿ ರಘುರಾಮ, ಅದೇ ಶೆಟ್ರ ಕಂಪನಿಯಲ್ಲಿ ಅಕೌಂಟೆಂಟ್. ಮೆತ್ತಗಿನ ಮನುಷ್ಯ. ಕಂಪನಿಯ ಕಾರ್ಮಿಕರ ಸಂಬಳ, ರಜೆ, ಊರಿಗೆ ಹೋಗುವ ಪರ್ಮಿಟ್ ಎಲ್ಲ ಅವನ ಮೇಜಿನಿಂದಲೇ ಹೋಗಬೇಕು. ಕಂಪನಿಯ ಪರ್ಮಿಟ್ ಇಲ್ಲದೆ ಆಗ ಯಾರೂ ಆ ದೇಶ ಬಿಡುವಂತಿರಲಿಲ್ಲ.

ಸಂಘಕ್ಕೊಂದು ನಿಯಮ ಇತ್ತು. ಒಂದು ವರ್ಷದಲ್ಲಿ ಬರುವ ಸದಸ್ಯತ್ವದ ಹಣದ ಅರ್ಧಕ್ಕಿಂತ ಹೆಚ್ಚು ಸಾಲವನ್ನು ಕಮಿಟಿ ಮಾಡುವಂತಿಲ್ಲ. ಹಿಂದಿನವರು ಯಾವುದೋ ಪೆಟ್ಟು ತಿಂದು ಹಾಕಿಕೊಂಡ ಬೇಲಿ ಅದು. ಶೆಟ್ರಿಗೆ ಆ ವರ್ಷ ಸಂಘದ ವಾರ್ಷಿಕೋತ್ಸವವನ್ನು ಯಾರೂ ಮಾಡದ ಹಾಗೆ ಮಾಡಬೇಕೆಂಬ ಆಸೆ. ಊರಿನಿಂದ ದೊಡ್ಡ ಕಲಾತಂಡ, ದೊಡ್ಡ ಮೈದಾನ, ಎಲ್ಲರಿಗೂ ಊಟ. ಅದಕ್ಕೆ ದೊಡ್ಡ ಸಾಲ ಬೇಕು, ಸಾಲಕ್ಕೆ ಆ ಬೇಲಿ ಕೀಳಬೇಕು. ಮಹಾಸಭೆಗೆ ಬಂದವರಲ್ಲಿ ಹೆಚ್ಚಿನವರು ಒಪ್ಪಿದರೆ ಸಾಕಿತ್ತು.

ಮಹಾಸಭೆಗೆ ಒಂದು ವಾರ ಇರುವಾಗ ರಘು ನಜ್ಮಾದ ಕೆಫೆಟೇರಿಯಾದಲ್ಲಿ ನನಗೆ ಸಿಕ್ಕಿದ. ನನ್ನ ರೂಮು ಅಲ್ಲೇ ಹಿಂದಿನ ಗಲ್ಲಿಯಲ್ಲಿತ್ತು. ಕರಕ್ ಚಾ ತರಿಸಿದೆ. ಅವನು ಗ್ಲಾಸನ್ನು ಮುಟ್ಟಲೇ ಇಲ್ಲ.

"ವಾಸಣ್ಣ, ಸಂಘಕ್ಕೆ ಬ್ಯಾಂಕಲ್ಲಿ ಖಾತೆ ಇಲ್ಲ ಅಲ್ವಾ. ಸಾಲ ಕೊಡುವವ ಯಾರನ್ನು ನಂಬಿ ಕೊಡ್ತಾನೆ ಹೇಳಿ?"

"ಯಾರನ್ನು?"

"ನನ್ನ ಚೆಕ್ಕನ್ನು. ಸಹಿ ಹಾಕಿ ಶೆಟ್ರಿಗೆ ಕೊಟ್ಟಾಗಿದೆ. ಮೊತ್ತ ಬರೀಲಿಲ್ಲ. ಮಿತಿ ಹೋದ ಮೇಲೆ ಬರೀತಾರಂತೆ."

ಗಲ್ಫಿನಲ್ಲಿ ಇದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದವರಿಗಾಗಿ ಹೇಳುತ್ತೇನೆ. ಅಲ್ಲಿ ಚೆಕ್ಕು ವಾಪಸಾದರೆ ಅದು ಪೊಲೀಸ್ ಕೇಸು. ಸಾಲ ತೀರುವವರೆಗೆ ದೇಶ ಬಿಡುವ ಹಾಗಿಲ್ಲ, ಜೈಲೂ ಆಗಬಹುದು. ಟಿಕೆಟ್ ಮಾರಾಟ ಆಗದೆ ಕಾರ್ಯಕ್ರಮ ಮುಳುಗಿದರೆ ಸಂಘ ಅಲ್ಲಿಗೆ ಮುಗಿಯಿತು, ಉಳಿಯುವುದು ರಘು ಒಬ್ಬನೇ. ಆ ವರ್ಷವೇ ಅವನ ಮಗಳ ಮದುವೆ ನಿಶ್ಚಯವಾಗಿತ್ತು.

"ಕೊಡುದಿಲ್ಲ ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ?" ಎಂದೆ.

"ನನ್ನ ವೀಸಾ ಅವರ ಕೈಲುಂಟು. ಹೇಗೆ ಹೇಳುದು? ಮಹಾಸಭೆಯಲ್ಲಿ ಮಿತಿ ಉಳಿದ್ರೆ ನಾನೂ ಉಳಿದೆ. ಇಲ್ಲಾಂದ್ರೆ ಮಗಳ ಧಾರೆಗೆ ನಾನಿಲ್ಲ."

ನನಗೆ ಶೆಟ್ರ ಮೇಲೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಕೆಟ್ಟದ್ದು ಮಾಡುತ್ತಿದ್ದೇನೆ ಎಂದುಕೊಂಡೇ ಇರಲಿಲ್ಲ. ಕಾರ್ಯಕ್ರಮ ಗೆಲ್ಲುತ್ತದೆ ಎಂಬ ನಂಬಿಕೆ ಅವರದು. ಗೆಲ್ಲದಿದ್ದರೆ ಏನಾಗುತ್ತದೆ ಎನ್ನುವ ಯೋಚನೆಯನ್ನು ಅವರು ಯಾವತ್ತೂ ಬೇರೆಯವರ ತಲೆಗೆ ಬಿಡುತ್ತಿದ್ದರು.

ಸಭೆಯ ದಿನ ಶುಕ್ರವಾರ ಸಂಜೆ. ಹಾಲು ನಮ್ಮದೇ, ಡ್ಯೂಟಿ ನನ್ನದೇ. ಶೆಟ್ರು ಬೇಗನೆ ಬಂದರು. ಅವರ ಹಿಂದೆಯೇ ಕಂಪನಿಯ ದೊಡ್ಡ ಬಸ್ಸು ಬಂದು ಉಮ್ಮ್ ಸಲಾಲ್ ಕಡೆಯ ಸೈಟಿನ ಕಾರ್ಮಿಕರನ್ನು ಇಳಿಸಿತು. ಎಲ್ಲ ನಮ್ಮ ಊರಿನವರೇ, ಆ ವರ್ಷದ ಸದಸ್ಯತ್ವವನ್ನು ಶೆಟ್ರೇ ಕಟ್ಟಿದ್ದರು. ನಬೀಲರ ಎದುರಿಗೇ ಅವರು ನನಗೆ ಹೇಳಿದರು.

"ವಾಸು, ವರದಿ ಓದಿ ಆದ ಕೂಡಲೇ ಊಟ ಓಪನ್ ಮಾಡು. ತಿದ್ದುಪಡಿ ಉಂಟಲ್ಲ, ಅದು ಊಟ ಆದ ಮೇಲೆ."

ನನಗೆ ಕೂಡಲೇ ಲೆಕ್ಕ ಸಿಕ್ಕಿತು. ಸಂಸಾರಸ್ಥರು ಊಟ ಆದ ಮೇಲೆ ನಿಲ್ಲುವುದಿಲ್ಲ. ಮಕ್ಕಳಿಗೆ ನಿದ್ದೆ, ಮರುದಿನ ಕೆಲಸ, ಎಷ್ಟೋ ಜನ ದೂರದಿಂದ ಬಂದವರು. ಕೈ ತೊಳೆದು ಲಿಫ್ಟಿನ ಕಡೆ ನಡೆಯುತ್ತಾರೆ. ಉಳಿಯುವವರು ಬಸ್ಸಿನವರು ಮಾತ್ರ, ಏಕೆಂದರೆ ಬಸ್ಸು ಹೊರಡುವುದು ಶೆಟ್ರು ಹೇಳಿದ ಮೇಲೆ. ಆಮೇಲೆ ಕೈ ಎತ್ತಿಸಿದರೆ ಮಿತಿ ಹೋದಂತೆಯೇ.

"ಕಸ್ಟಮರ್ ಹೇಳಿದ್ದಾಯಿತು. ಯಲ್ಲಾ" ಎಂದು ನಬೀಲ್ ಹೊರಟುಹೋದರು.

ನಾನು ಅಡುಗೆಮನೆಗೆ ಬಂದೆ. ಊಟ ತಡ ಮಾಡಲು ನನಗೆ ಅಧಿಕಾರವಿಲ್ಲ. ಗಿರಾಕಿಯ ಮಾತು ಮೀರಿದರೆ ಮೀರಿದವನ ಕೆಲಸ ಹೋಗುತ್ತದೆ, ಹೋಗಲೂಬೇಕು. ಹೊಸಬರು ಇದನ್ನು ಗಮನಿಸಿ. ನಮಗೆ ಇಷ್ಟವಿಲ್ಲದ ಸಭೆಗೆ ಉಪ್ಪು ಕಡಿಮೆ ಹಾಕುವ ಹಕ್ಕು ನಮಗಿಲ್ಲ. ಹಮೀದಾಕ ಒಲೆಯ ಮುಂದೆ ಕಡಲೆಬೇಳೆ ಪಾಯಸದ ಪಾತ್ರೆಗೆ ಬೆಲ್ಲ ಹಾಕುತ್ತಿದ್ದರು. ವಿಷಯ ಹೇಳಿದೆ. ಅವರು ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಊಟ ಓಪನ್ ಮಾಡಿ ಅಂತ ಅಲ್ವಾ ಹೇಳಿದ್ದು?"

"ಹೌದು ಕಾಕ."

"ಪಾಯಸ ಯಾವಾಗ ಅಂತ ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ನಿಮ್ಮ ಕ್ರಮದಲ್ಲಿ ಪಾಯಸ ಯಾವಾಗ ಬರುದು?"

ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಬೆಲ್ಲ ಕರಗಿತೋ ಎಂದು ನೋಡುತ್ತಿದ್ದರು. ನಮ್ಮ ಹೋಟೆಲಿನ ಬಫೆಯಲ್ಲಿ ಸಿಹಿಯನ್ನೂ ಊಟದ ಜೊತೆಗೇ ಇಟ್ಟುಬಿಡುವುದು ವಾಡಿಕೆ. ಸಾಲಿನ ಕೊನೆಗೆ ಒಂದು ಪಾತ್ರೆ, ಬೇಕಾದವರು ಬಡಿಸಿಕೊಳ್ಳುತ್ತಾರೆ. ನಮ್ಮ ಊರಿನ ಕ್ರಮ ಬೇರೆ. ಅನ್ನ ಸಾರು ಆಗಿ ಕೊನೆಯ ಹೊತ್ತಿಗೆ ಪಾಯಸ ಬರಬೇಕು, ಬಡಿಸುವವನು ತರಬೇಕು. ಅದು ಬರುವ ಮುಂಚೆ ಏಳುವುದೆಂದರೆ ಊಟ ಹಾಕಿದವರಿಗೆ ಅವಮಾನ, ಎದ್ದವನಿಗೂ ಅವಮಾನ.

"ಇವತ್ತು ಪಾಯಸ ಊರಿನ ಹಾಗೆ, ಕಾಕ. ಕೈಯಲ್ಲಿ ಬಡಿಸುವ" ಎಂದೆ.

ವರದಿ ಓದಿ ಆಯಿತು. ಶೆಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಮುಚ್ಚಳ ತೆಗೆಸಿದೆ. ಕೋರಿರೊಟ್ಟಿ, ನೀರುದೋಸೆ, ಅನ್ನ, ಸಾರು, ಹಸಿರು ರಿಬ್ಬನ್ನಿನ ಪಲ್ಯ. ಶೆಟ್ರು ನನ್ನತ್ತ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಎಲ್ಲರೂ ಚೆನ್ನಾಗಿ ಉಂಡರು. ಉಂಡು ಕೈ ತೊಳೆದರು. ಮೊದಲ ಸಂಸಾರ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಾಗ ನಾನು ಅಲ್ಲೇ ನಿಂತಿದ್ದೆ. ಲೋಬೊ ಸರ್ ಕಲಿಸಿದ ಜಾಗ ಅದು.

"ಹೊರಟಿರಾ? ಪಾಯಸ ಆಗ್ಲಿಲ್ಲ ಇನ್ನು."

"ಪಾಯಸ ಉಂಟಾ? ಅಲ್ಲಿ ಕಾಣ್ಲಿಲ್ಲ."

"ಬಡಿಸ್ಲಿಕ್ಕೆ ಉಂಟು. ಕಡ್ಲೆಬೇಳೆದ್ದು. ಸಭೆ ಮುಗಿದ ಕೂಡಲೇ."

ಆ ಹೆಂಗಸು ಗಂಡನ ಮುಖ ನೋಡಿದರು. ಇಬ್ಬರೂ ವಾಪಸು ಬಂದು ಕೂತರು. ಅಷ್ಟರಲ್ಲಿ ಹಮೀದಾಕ ಅಡುಗೆಮನೆಯ ಬಾಗಿಲನ್ನು ಅರ್ಧ ತೆರೆದಿಟ್ಟು, ತುಪ್ಪದಲ್ಲಿ ಗೋಡಂಬಿ ಹುರಿಯಲು ಶುರು ಮಾಡಿದರು. ಅದನ್ನು ನಾನು ಹೇಳಿರಲಿಲ್ಲ. ಆ ಪರಿಮಳ ಹಾಲಿಗೆ ಹೊಕ್ಕ ಮೇಲೆ ನನಗೆ ಬಾಗಿಲಲ್ಲಿ ಕೆಲಸವೇ ಉಳಿಯಲಿಲ್ಲ. ಮಲಗಿದ್ದ ಮಕ್ಕಳೂ ಎದ್ದು ಕೂತವು.

ಶೆಟ್ರು ಮೈಕ್ ಹಿಡಿದು ತಿದ್ದುಪಡಿ ಓದಲು ನಿಂತಾಗ ಹಾಲು ತುಂಬಿಯೇ ಇತ್ತು. ಅವರು ಒಮ್ಮೆ ಬಾಗಿಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ನೀರಿನ ಜಗ್ಗು ಹಿಡಿದು ನೆಟ್ಟಗೆ ನಿಂತಿದ್ದೆ.

"ಸಾಲ ಅಂದ ಕೂಡಲೇ ಹೆದರುದು ಯಾಕೆ? ಸರ್ಕಾರಗಳೇ ಸಾಲ ಮಾಡ್ತವೆ. ಈ ದೇಶದ ಗ್ಯಾಸ್ ಪ್ಲಾಂಟ್ ಎಲ್ಲ ಎದ್ದದ್ದು ಹೇಗೆ? ಸಾಲದಲ್ಲೇ. ಮಿತಿ ಇಟ್ಕೊಂಡು ಕೂತಿದ್ರೆ ಇಲ್ಲಿ ಇವತ್ತೂ ಬರೀ ಮರಳು ಇರ್ತಿತ್ತು" ಎಂದರು ಶೆಟ್ರು. ಬಸ್ಸಿನವರು ಚಪ್ಪಾಳೆ ತಟ್ಟಿದರು. ಮಾತು ಚೆನ್ನಾಗಿಯೇ ಇತ್ತು, ನನಗೂ ಒಂದು ಕ್ಷಣ ಹೌದೆನ್ನಿಸಿತು.

ಆಗ ವಿಮಲಾ ಟೀಚರ್ ಎದ್ದರು. ಇಂಡಿಯನ್ ಶಾಲೆಯಲ್ಲಿ ಗಣಿತ ಹೇಳಿಕೊಡುವವರು, ಮೈಕ್ ಬೇಕಾಗದ ದನಿ.

"ಸರ್ಕಾರ ಸಾಲ ಮಾಡಿದ್ರೆ ತೀರಿಸ್ಲಿಕ್ಕೆ ನೆಲದಡಿ ಗ್ಯಾಸ್ ಉಂಟು ಶೆಟ್ರೇ. ನಮ್ಮ ಸಂಘದ ಅಡಿಯಲ್ಲಿ ಎಂತ ಉಂಟು? ಸಾಲಕ್ಕೆ ಚೆಕ್ಕು ಯಾರದ್ದು?"

"ಅದೆಲ್ಲ ಕಮಿಟಿ ನೋಡ್ಕೊಳ್ತದೆ."

"ಕಮಿಟಿ ಸಹಿ ಹಾಕುದಿಲ್ಲ. ಮನುಷ್ಯ ಸಹಿ ಹಾಕುದು. ಯಾರು?"

ಶೆಟ್ರು ಮೈಕನ್ನು ಇನ್ನೊಂದು ಕೈಗೆ ಬದಲಿಸಿದರು. ರಘು ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತಿದ್ದ. ಊಟವನ್ನೂ ಮಾಡಿರಲಿಲ್ಲ. ಅವನು ತಲೆ ತಗ್ಗಿಸಿದ. ಇಡೀ ಹಾಲಿಗೆ ಗೊತ್ತಾಯಿತು.

ಕೈ ಎತ್ತಿದರೆ ಗೊಂದಲ ಆಗುತ್ತದೆ, ಎದ್ದು ನಿಲ್ಲುವ ಎಂದು ಯಾರೋ ಹೇಳಿದರು. ಮಿತಿ ಇರಲಿ ಎನ್ನುವವರು ಕಿಟಕಿಯ ಕಡೆ, ಬೇಡ ಎನ್ನುವವರು ವೇದಿಕೆಯ ಕಡೆ. ಸಂಸಾರಸ್ಥರು ಕಿಟಕಿಯ ಕಡೆ ನಡೆದರು, ಆದರೆ ಎಲ್ಲರೂ ಅಲ್ಲ. ಶೆಟ್ರಿಂದ ಉಪಕಾರ ಪಡೆದವರು ಅವರಲ್ಲೂ ಇದ್ದರು. ಬಸ್ಸಿನವರು ವೇದಿಕೆಯ ಕಡೆ ಗುಂಪಾದರು. ಕಣ್ಣಳತೆಗೆ ಎರಡೂ ಗುಂಪು ಒಂದೇ ಎನ್ನುವಂತಿತ್ತು. ಆಗ ಬಸ್ಸಿನ ಗುಂಪಿನಿಂದ ಬಾಬು ಎಂಬ ಮೇಸ್ತ್ರಿ ರಘುವಿನ ಹತ್ತಿರ ಹೋದ.

"ರಘು ಸರ್, ಚೆಕ್ಕು ನಿಮ್ದಾ?"

ರಘು ಹೌದೆಂದು ತಲೆಯಾಡಿಸಿದ.

"ನನ್ನ ಅಮ್ಮ ತೀರಿಕೊಂಡಾಗ ಒಂದೇ ದಿನದಲ್ಲಿ ನನ್ನ ಪರ್ಮಿಟ್ ಮಾಡಿ ಊರಿಗೆ ಕಳಿಸಿದವರು ಇವರು" ಎಂದು ಬಾಬು ಎಲ್ಲರಿಗೂ ಕೇಳುವಂತೆ ಹೇಳಿದ. "ಶೆಟ್ರೇ, ಬೇಜಾರು ಮಾಡ್ಬೇಡಿ." ಹೀಗೆಂದು ಹಾಲನ್ನು ದಾಟಿ ಕಿಟಕಿಯ ಕಡೆ ಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಎಣಿಸುವ ಅಗತ್ಯ ಬೀಳಲಿಲ್ಲ.

"ವಾಸಣ್ಣ, ನೀವು ಯಾವ ಕಡೆ?" ಎಂದು ವಿಮಲಾ ಟೀಚರ್ ಕೂಗಿ ಕೇಳಿದರು.

"ನಾನು ಡ್ಯೂಟಿಯಲ್ಲಿದ್ದೇನೆ ಟೀಚರ್" ಎಂದೆ.

ನಾನು ಆ ದಿನ ಓಟು ಹಾಕಲಿಲ್ಲ. ಪಾಯಸ ಹಿಡಿದಿಟ್ಟದ್ದು ಓಟಿಗಿಂತ ದೊಡ್ಡದಲ್ಲವೇ ಎಂದು ನೀವು ಕೇಳಬಹುದು. ಕೇಳಿದವರಿದ್ದಾರೆ. ನನ್ನ ಉತ್ತರ ಇಷ್ಟೆ: ಯಾವ ಕಡೆ ನಿಲ್ಲಿ ಎಂದು ನಾನು ಯಾರಿಗೂ ಹೇಳಲಿಲ್ಲ. ನಿಲ್ಲುವ ಹೊತ್ತಿಗೆ ಅವರು ಅಲ್ಲಿ ಇರುವಂತೆ ನೋಡಿಕೊಂಡೆ. ಬ್ಯಾಂಕ್ವೆಟ್ ಕೆಲಸವೆಂದರೆ ಅದೇ, ಮತ್ತು ನನ್ನ ಸರ್ವೀಸಿನಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಸಭೆ ಮುಗಿಯಿತೆಂದು ಶೆಟ್ರು ಒಣ ದನಿಯಲ್ಲಿ ಹೇಳಿದರು. ನಾನು ಕೈ ಎತ್ತಿದೆ. ವೇಟರುಗಳು ಪಾಯಸ ಹಿಡಿದು ನಾಲ್ಕೂ ಬಾಗಿಲಿನಿಂದ ಬಂದರು. ಶೆಟ್ರಿಗೆ ನಾನೇ ಬಡಿಸಲು ಹೋದೆ. ಅವರು ಬಟ್ಟಲು ಮುಂದೆ ಮಾಡಲಿಲ್ಲ.

"ಪಾಯಸ ತಡ ಆಯ್ತಲ್ಲ ವಾಸು?"

"ಪಾಯಸ ಯಾವಾಗ ಬರುದು ಅಂತ ನಿಮಗೆ ಗೊತ್ತಿಲ್ವಾ ಶೆಟ್ರೇ?"

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಪರ್ಸು ತೆಗೆದು, ಅದರೊಳಗಿಂದ ಮಡಚಿದ ಚೆಕ್ಕನ್ನು ತೆಗೆದು ರಘುವಿನ ಮುಂದೆ ಮೇಜಿನ ಮೇಲೆ ಹಾಕಿದರು. "ಇಟ್ಕೋ ಮಾರಾಯ. ನಿನ್ನನ್ನು ಜೈಲಿಗೆ ಹಾಕ್ತೇನೆ ಅಂತ ಗ್ರಹಿಸಿದ್ಯಾ?" ಎಂದರು. ದನಿಯಲ್ಲಿ ಕೋಪವಿತ್ತು, ನೋವೂ ಇತ್ತು. ರಘು ಚೆಕ್ಕನ್ನು ಸಣ್ಣ ಸಣ್ಣ ಚೂರು ಮಾಡಿ ನನ್ನ ಟ್ರೇಯಲ್ಲಿದ್ದ ಎಂಜಲು ತಟ್ಟೆಗೆ ಹಾಕಿದ. ಆ ತಟ್ಟೆಯನ್ನು ನಾನು ಬೇರೆಯವರ ಕೈಗೆ ಕೊಡಲಿಲ್ಲ, ನಾನೇ ಒಳಗೆ ಒಯ್ದೆ. ವಾಪಸು ಬಂದಾಗ ಶೆಟ್ರು ಬಟ್ಟಲು ಮುಂದೆ ಮಾಡಿದ್ದರು.

ಅವರು ನಬೀಲರಲ್ಲಿ ದೂರು ಕೊಟ್ಟರು. ಸುಳ್ಳು ಹೇಳಲಾರೆ, ಒಂದು ವರ್ಷ ಸಂಘದ ಯಾವ ಸಭೆಯೂ ನಮ್ಮ ಹೋಟೆಲಿಗೆ ಬರಲಿಲ್ಲ. ನಬೀಲ್ ನನ್ನನ್ನು ಕರೆಸಿ, ಗಿರಾಕಿ ಹೇಳಿದ್ದನ್ನು ಮೀರಿದೆಯಾ ಎಂದು ಕೇಳಿದರು. ಊಟ ಹೇಳಿದ ಹೊತ್ತಿಗೇ ಆಯಿತು, ನಮ್ಮಲ್ಲಿ ಪಾಯಸ ಕೊನೆಗೆ ಎಂದೆ. ಅವರು, "ನಮ್ಮಲ್ಲೂ ಕಾಫಿ ಕೊನೆಗೇ" ಎಂದರು. ಮುಂದೆ ಅವರ ಕಂಪ್ಯೂಟರಿನಲ್ಲಿ ಸಭೆಗಳಿಗೆಲ್ಲ ಸಿಹಿಗೆ ಬೇರೆಯೇ ಹೊತ್ತು ಬರೆಯುವ ಪದ್ಧತಿ ಬಂತು. ನಾನು ಬಿಟ್ಟು ಬರುವವರೆಗೂ ಇತ್ತು. ಆ ವರ್ಷದ ವಾರ್ಷಿಕೋತ್ಸವ ಶಾಲೆಯ ಅಂಗಳದಲ್ಲಿ, ದೋಹಾ ಅಲ್ ಜದೀದಾ ಬಡಾವಣೆಯ ನಮ್ಮವರ ಮಕ್ಕಳ ಡ್ಯಾನ್ಸಿನೊಂದಿಗೆ ಸಣ್ಣದಾಗಿ ನಡೆಯಿತು. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರು ಶೆಟ್ರೇ. ರಘುವನ್ನು ಅವರು ಕೆಲಸದಿಂದ ತೆಗೆಯಲಿಲ್ಲ. ಮದುವೆಗೆ ಹೋಗುವ ಪರ್ಮಿಟ್ಟಿಗೆ ತಾವೇ ಸಹಿ ಹಾಕಿದರು.

ಆ ಮದುವೆಗೆ ನಾನೂ ರಜೆ ಹಾಕಿ ಹೋದೆ. ಮೂಡುಬಿದಿರೆಯ ಒಂದು ಹಾಲು. ನನಗೆ ಅಭ್ಯಾಸ ಬಿಡಬೇಕಲ್ಲ, ಒಳಗೆ ಹೋದವನೇ ಬಾಗಿಲ ಪಕ್ಕ ನಿಂತು ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ನೋಡುತ್ತಿದ್ದೆ. ರಘು ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಪಾಯಸದ ಬಕೆಟ್ ಹಿಡಿದು ಓಡಾಡುತ್ತಿದ್ದ. ಮಗಳ ಧಾರೆ ಎರೆದು ಬಂದ ಕೈ ಅದು. ನನ್ನನ್ನು ಕಂಡವನೇ ಬಕೆಟ್ ಕೆಳಗಿಟ್ಟು, ನನ್ನ ತೋಳು ಹಿಡಿದು ಎಲೆಯ ಮುಂದೆ ತಂದ.

"ವಾಸಣ್ಣ, ಇವತ್ತು ನೀವು ಡ್ಯೂಟಿಯಲ್ಲಿ ಇಲ್ಲ. ಕೂತ್ಕೊಳ್ಳಿ."

ನಾನು ಕೂತೆ. ಅವನು ಪಾಯಸ ಮೊದಲೇ ಬಡಿಸಿದ.